ಒಂದು ಪಿತ್ತದ ಗುಳಿಗಿ ಕೊಡ್ರಿ

ಬೆಳಿಗ್ಗೆ ಒಂಬತ್ತಕ್ಕೆ ನಾನು ಶಟರ್ ಎತ್ತುವ ಹೊತ್ತಿಗೆ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೋ ಮೂವರೋ ಕೂತಿರುತ್ತಾರೆ. ಊದುಬತ್ತಿ ಹಚ್ಚಿ ದೇವರ ಫೋಟೋಕ್ಕೆ ಬೆಳಗಿ, ಗಲ್ಲಾದ ಕೀಲಿ ತೆರೆಯುವ ಮೊದಲೇ ಒಂದು ಕೈ ಕೌಂಟರಿನ ಮೇಲೆ ಬಂದಿರುತ್ತದೆ. "ಒಂದು ಪಿತ್ತದ ಗುಳಿಗಿ ಕೊಡ್ರಿ ಕಾಕಾ." ಗುಂಜಿ ಕಡೆಯ ಹೆಂಗಸಾದರೆ ಇದೇ ಮಾತು ಮರಾಠಿಯಲ್ಲಿ ಬರುತ್ತದೆ, "ಪಿತ್ತ ಝಾಲಂಯ, ಕಾಯತರಿ ದ್ಯಾ." ಕಾಲೇಜಿನ ಹುಡುಗನಾದರೆ ಮೊಬೈಲಿನಿಂದ ಕಣ್ಣೆತ್ತದೆ "ಅಂಕಲ್, ಪ್ಯಾನ್ ಫೋರ್ಟಿ" ಅನ್ನುತ್ತಾನೆ. ಬೀಡಿ, ಇಟಗಿ ಕಡೆಯ ರೈತ ಗುಳಿಗೆಯ ಹೆಸರು ಹೇಳುವುದಿಲ್ಲ, ರೋಗದ ಹೆಸರೂ ಹೇಳುವುದಿಲ್ಲ. ಅಂಗೈಯನ್ನು ಹೊಟ್ಟೆಯ ಕುಳಿಯಿಂದ ಗಂಟಲತನಕ ಮೇಲಕ್ಕೆ ಎಳೆದು ತೋರಿಸಿ ಸುಮ್ಮನೆ ನಿಲ್ಲುತ್ತಾನೆ. ನನಗೆ ಅಷ್ಟು ಸಾಕು.

ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷಗಳ ಮೇಲಾಯಿತು. ಮನೆ ಬೆಳಗಾವಿಯ ವಡಗಾವಿಯಲ್ಲಿ. ಅಪ್ಪ ಮಗ್ಗದವರು, ಅವ್ವ ಕಂಡಿಕಿ ಸುತ್ತುತ್ತಿದ್ದವಳು. ನಾನು ಡಿಪ್ಲೊಮಾ ಮಾಡಿ ಔಷಧಿ ಕಡೆ ಹೊರಳಿದೆ. ಮೂರನೇ ರೈಲ್ವೆ ಗೇಟು, ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಈ ಮೂವತ್ತು ವರ್ಷದಲ್ಲಿ ಜ್ವರಗಳು ಬಂದು ಹೋಗಿವೆ, ಚಿಕೂನ್‌ಗುನ್ಯಾ ಬಂದು ಊರಿಗೆ ಊರನ್ನೇ ಕುಂಟಿಸಿ ಹೋಗಿದೆ, ಕೊರೊನಾ ಬಂದಿತ್ತು. ಮಳೆಗಾಲ ಬೇಸಿಗೆ ಎನ್ನದೆ, ಜಾತಿ ಭಾಷೆ ನೋಡದೆ, ಒಂದು ದಿನವೂ ರಜೆ ಹಾಕದೆ ನನ್ನ ಕೌಂಟರಿಗೆ ಬಂದಿರುವುದು ಹೊಟ್ಟೆಯ ಮೇಲ್ಭಾಗದ ಈ ತಕರಾರೊಂದೇ. ಎದೆಯುರಿ, ಹುಳಿತೇಗು, ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ಬಿರಿಯುವುದು, ಹೊಟ್ಟೆಯ ಕುಳಿಯಲ್ಲಿ ಸಣ್ಣ ನೋವು, ಬೆಳಗಿನ ಹೊತ್ತು ಬಾಯಿಗೆ ನೀರು ಬಂದು ಓಕರಿಕೆ. ಒಂದು ಮಳೆಗಾಲದಲ್ಲಿ ಹುಚ್ಚು ಹಿಡಿದು ಇಂಥವರು ಬಂದಾಗೆಲ್ಲ ರಟ್ಟಿನ ಮೇಲೆ ಒಂದೊಂದು ಗೆರೆ ಎಳೆಯತೊಡಗಿದ್ದೆ. ನಾಲ್ಕನೇ ದಿನಕ್ಕೆ ರಟ್ಟು ತುಂಬಿತು. ಗೆರೆ ಎಳೆಯುವುದು ಬಿಟ್ಟೆ.

ನಮ್ಮ ಕಡೆ ಪಿತ್ತ ಅನ್ನುವ ಮಾತು ಬಹಳ ದೊಡ್ಡ ಚೀಲ. ಬಸ್ಸಿನಲ್ಲಿ ವಾಂತಿಯಾದರೆ ಪಿತ್ತ, ಅರ್ಧ ತಲೆ ನೋಯ್ದರೆ ಪಿತ್ತ, ಕಣ್ಣಿಗೆ ಕತ್ತಲೆ ಬಂದರೂ ಪಿತ್ತ, ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ. ಎಲ್ಲದಕ್ಕೂ ಮನೆಯಲ್ಲಿ ಮೊದಲು ಹುಡುಕುವುದು ಆಮಸೂಲು. ಜಾಂಬೋಟಿ, ಕಣಕುಂಬಿಯ ಕಾಡಿನ ಅಂಚಿನಲ್ಲಿ ಬೆಳೆಯುವ ಮುರುಗಲಿನ ಸಿಪ್ಪೆಯನ್ನು ಒಣಗಿಸಿದ್ದು. ಅದನ್ನು ನೆನೆಹಾಕಿ ಸಕ್ಕರೆ, ಜೀರಿಗೆ ಹಾಕಿ ಕುಡಿಯುವುದು, ದದ್ದು ಎದ್ದಿದ್ದರೆ ಆ ನೀರನ್ನೇ ಮೈಗೆ ಹಚ್ಚುವುದು. ನಾನು ಇದನ್ನು ನಗಾಡುವವನಲ್ಲ, ನಮ್ಮ ಮನೆಯ ಡಬ್ಬಿಯಲ್ಲೂ ಇದೆ. ಇತ್ತೀಚೆಗೆ ಈ ಚೀಲವನ್ನು ಇನ್ನೊಂದು ಚೀಲ ನುಂಗಿದೆ. ಅದರ ಹೆಸರು ಗ್ಯಾಸ್. ಬೆನ್ನು ಹಿಡಿದುಕೊಂಡರೂ ಗ್ಯಾಸ್, ಭುಜ ನೋಯ್ದರೂ ಗ್ಯಾಸ್. "ಗ್ಯಾಸ್ ತಲಿಗೆ ಏರೇತ್ರಿ" ಅಂದವರನ್ನೂ ಕಂಡಿದ್ದೇನೆ. ಪಿತ್ತ ಅಂದಾಗ ಕನಿಷ್ಠ ಏನು ಉಂಡೆ ಎಂದು ಅವ್ವಂದಿರು ಕೇಳುತ್ತಿದ್ದರು. ಗ್ಯಾಸ್ ಅಂದರೆ ಯಾರೂ ಏನನ್ನೂ ಕೇಳುವುದಿಲ್ಲ.

ಇದೆಲ್ಲ ನನ್ನ ಅಂಗಡಿಯ ಭ್ರಮೆ ಇರಬಹುದು ಅಂತ ಎಷ್ಟೋ ಸಲ ಅನ್ನಿಸಿತ್ತು. ಬೇಕರಿಯವನಿಗೆ ಊರೆಲ್ಲ ಬ್ರೆಡ್ ತಿನ್ನುವವರೇ ಕಾಣುತ್ತಾರೆ. ಆದರೆ ಎಣಿಸಿದವರ ಲೆಕ್ಕವೂ ಇದನ್ನೇ ಹೇಳುತ್ತದೆ. ಮುಂಬಯಿಯಲ್ಲಿ ವೈದ್ಯರು ಆಸ್ಪತ್ರೆಯ ಸಾಲನ್ನು ಬಿಟ್ಟು ಜನರ ನಡುವೆ ಹೋಗಿ ಸುಮಾರು ಎರಡೂವರೆ ಸಾವಿರ ಮಂದಿಯನ್ನು ಕೇಳಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ನೂರಕ್ಕೆ ಮೂವತ್ತು ಜನರಿಗೆ ಅಜೀರ್ಣದ ಲಕ್ಷಣಗಳಿದ್ದವು. ಅದರಲ್ಲಿ ನಿಜವಾಗಿ ಕಾಡುವಷ್ಟು ಇದ್ದದ್ದು ನೂರಕ್ಕೆ ಹನ್ನೆರಡು ಮಂದಿಗೆ. ಮುಂದೆ ಭಾರತೀಯ ಜಠರರೋಗ ತಜ್ಞರ ಸಂಘದ ಕಾರ್ಯಪಡೆ ದೇಶದ 12 ಕೇಂದ್ರಗಳಲ್ಲಿ 3,224 ಜನರನ್ನು ಎದೆಯುರಿ ಮತ್ತು ಗಂಟಲಿಗೆ ಹುಳಿ ಬರುವುದರ ಬಗ್ಗೆ ಕೇಳಿತು. ವಾರಕ್ಕೆ ಒಮ್ಮೆಯಾದರೂ ಇಂಥದ್ದು ಆಗುವವರು ನೂರಕ್ಕೆ 7.6. ಆ ವರದಿ ಬಂದದ್ದು 2011ರಲ್ಲಿ. ಎರಡು ಲೆಕ್ಕಗಳ ನಡುವೆ ಇಷ್ಟು ಅಂತರ ಯಾಕೆ ಅಂದರೆ, ಒಂದು ಕಡೆ ಹೊಟ್ಟೆಯ ಎಲ್ಲ ಬಗೆಯ ದೂರನ್ನೂ ಕೇಳಿದ್ದರು, ಇನ್ನೊಂದು ಕಡೆ ಎದೆಯುರಿ, ಹುಳಿ ಎರಡನ್ನೇ. ಪ್ರಶ್ನೆ ಹೇಗೆ ಕೇಳುತ್ತೀರಿ ಅನ್ನುವುದರ ಮೇಲೆ ರೋಗಿಗಳ ಸಂಖ್ಯೆ ಹಿಗ್ಗುತ್ತದೆ, ಕುಗ್ಗುತ್ತದೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು 2021ರಲ್ಲಿ ಬಂದ ದೊಡ್ಡ ಲೆಕ್ಕ. 33 ದೇಶಗಳ 73,076 ಜನರನ್ನು ಹೊಟ್ಟೆ ಕರುಳಿನ ತೊಂದರೆಗಳ ಬಗ್ಗೆ ಕೇಳಿದ್ದರು. ಅಂತರ್ಜಾಲದಲ್ಲಿ ಉತ್ತರಿಸಿದವರಲ್ಲಿ ನೂರಕ್ಕೆ ನಲವತ್ತು ಮಂದಿಗೆ ಒಂದಿಲ್ಲೊಂದು ತೊಂದರೆ ಇತ್ತು. ಮನೆಗೆ ಹೋಗಿ ಎದುರಿಗೆ ಕೂತು ಕೇಳಿದ ಕಡೆಗಳಲ್ಲಿ, ಭಾರತವೂ ಅದರಲ್ಲಿ ಒಂದು, ಆ ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ದೇಶಗಳು ಬೇರೆ ಇದ್ದವು, ಕೇಳಿದ ರೀತಿ ಬೇರೆ ಇತ್ತು, ಊಟವೂ ಬೇರೆ. ಕಾರಣ ಒಂದೇ ಅಂತ ಹೇಳಲಿಕ್ಕಾಗದು. ಆದರೂ ಮೂವತ್ತು ವರ್ಷ ಕೌಂಟರಿನ ಹಿಂದೆ ನಿಂತವನಿಗೆ ಅನ್ನಿಸುವುದನ್ನು ಹೇಳುತ್ತೇನೆ: ನಮ್ಮ ಜನ ಮುಖ ನೋಡಿ ಹೊಟ್ಟೆಯ ಮಾತು ಹೇಳುವುದಿಲ್ಲ. ತೇಗು, ವಾಯು, ಬಹಿರ್ದೆಸೆ, ಇವೆಲ್ಲ ನಾಲ್ಕು ಜನರ ಮುಂದೆ ಆಡುವ ಮಾತಲ್ಲ. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರೆ ಹೆಂಗಸರು ಅಲ್ಲೇ ಪಕ್ಕಕ್ಕೆ ಸರಿದು ಶಾಂಪೂ ಪೊಟ್ಟಣಗಳನ್ನು ನೋಡುತ್ತ ನಿಲ್ಲುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಹತ್ತಿರ ಬರುತ್ತಾರೆ.

ಹಾಗಾಗಿ ಆಸ್ಪತ್ರೆಯ ಲೆಕ್ಕದಿಂದ ಈ ಊರಿನ ಹೊಟ್ಟೆ ತಿಳಿಯುವುದಿಲ್ಲ. ಬೆಳಗಾವಿಗೆ ಆಸ್ಪತ್ರೆಗಳ ಬಡತನವಿಲ್ಲ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಿಂದ ಇದೆ, ಸರ್ಕಾರಿ ಬಿಮ್ಸ್ ಇದೆ, ದೇಶದ ಸಾಂಪ್ರದಾಯಿಕ ಔಷಧಿಗಳನ್ನು ಅಧ್ಯಯನ ಮಾಡುವ ಐಸಿಎಂಆರ್ ಸಂಸ್ಥೆ ನೆಹರೂ ನಗರದಲ್ಲೇ ಇದೆ. ಆದರೆ ಎದೆಯುರಿ ಹೊತ್ತುಕೊಂಡು ಯಾರು ಅಲ್ಲಿಗೆ ಹೋಗುತ್ತಾರೆ? ಮೊದಲು ಆಮಸೂಲು, ಆಮೇಲೆ ಗೋಲಿಸೋಡಾ, ಆಮೇಲೆ ಪಕ್ಕದ ಮನೆಯವರು ಹೇಳಿದ ಗುಳಿಗೆ, ಆಮೇಲೆ ನಾನು. ನನ್ನನ್ನು ದಾಟಿ ಡಾಕ್ಟರ ಹತ್ತಿರ ಹೋಗುವುದು ಹಿಡಿಯಷ್ಟು ಜನ, ಅದರಲ್ಲೂ ದುಡ್ಡಿದ್ದವರು, ಇಲ್ಲವೆ ಹೆದರಿದವರು.

ಯಾಕಿಷ್ಟು ಹೊಟ್ಟೆಯುರಿ ಅಂತ ಕೇಳಿದರೆ ನನ್ನ ಬಸ್ಸಿನ ದಾರಿಯನ್ನೇ ತೋರಿಸಬಹುದು. ಉದ್ಯಮಬಾಗದ ನಿಲ್ದಾಣದಲ್ಲಿ ರಾತ್ರಿ ಪಾಳಿ ಮುಗಿಸಿದ ಫೌಂಡ್ರಿಯ ಹುಡುಗರು ಹತ್ತುತ್ತಾರೆ. ರಾತ್ರಿಯೆಲ್ಲ ಕುಲುಮೆಯ ಝಳ, ನಾಲ್ಕೈದು ಹಾಫ್ ಚಾ, ಕೆನ್ನೆಯೊಳಗೆ ಸುಣ್ಣ ತಂಬಾಕು. ಮನೆಗೆ ಹೋಗಿ ಗಪಗಪ ಉಂಡು ಹಾಗೇ ಮಲಗುತ್ತಾರೆ. ಉಂಡ ಕೂಡಲೇ ಅಡ್ಡಾದರೆ ಹೊಟ್ಟೆಯ ಆಮ್ಲಕ್ಕೆ ಅನ್ನನಾಳದ ದಾರಿ ಸಲೀಸು. ಖಾನಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ಹೋಗುವ ಹುಡುಗಿಯರು ಬರಿಹೊಟ್ಟೆಯಲ್ಲಿ ಹೊರಟು, ಮಧ್ಯಾಹ್ನ ಡಬ್ಬಿ ತೆರೆಯುವತನಕ ಚಹಾದ ಮೇಲೇ ಇರುತ್ತಾರೆ. ಮನೆಯಲ್ಲಿ ಹೆಂಗಸರ ಪಾಳಿ ಯಾವಾಗಲೂ ಕೊನೆಯದು. ಎಲ್ಲರ ಊಟ, ಪಾತ್ರೆ, ಮರುದಿನದ ಹಿಟ್ಟು ಆದ ಮೇಲೆ ತಣ್ಣಗಾದ ರೊಟ್ಟಿ. ಅದರ ಮೇಲೆ ಸೋಮವಾರದ ಒಪ್ಪತ್ತು, ಸಂಕಷ್ಟಿಯ ಉಪವಾಸ. ಉಪವಾಸ ಬಿಡುವಾಗ ಹೊಟ್ಟೆ ತುಂಬ ಸಾಬೂದಾನಿ ಖಿಚಡಿ. ನೆಲಗಡಲೆಯ ಎಣ್ಣೆ ಅದರಲ್ಲಿ ಕಡಿಮೆಯೇನಿರುವುದಿಲ್ಲ.

ಖಾರದ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ. ಸಂಕೇಶ್ವರಿ ಮೆಣಸಿನಕಾಯಿಯ ಊರಿನ ಪಕ್ಕದವರಾದ ನಮಗೆ ಇದು ಅಳುಕಿನ ವಿಷಯವೇ. ಆದರೆ ಇಟಲಿಯ ಬೊಲೋನ್ಯಾದ ವೈದ್ಯರು 2002ರಲ್ಲಿ ಬರೆದದ್ದನ್ನು ಓದಿ ನನಗೆ ನಗೆ ಬಂತು. ಅಜೀರ್ಣದ ಸುಮಾರು ಮೂವತ್ತು ರೋಗಿಗಳಲ್ಲಿ ಕೆಲವರಿಗೆ ದಿನಾ ಎರಡೂವರೆ ಗ್ರಾಂ ಒಣಮೆಣಸಿನ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ತುಂಬಿ ಐದು ವಾರ ಕೊಟ್ಟರಂತೆ. ಮೊದಲ ದಿನಗಳಲ್ಲಿ ಉರಿಯಿತು, ಆಮೇಲೆ ನೋವು ಕಡಿಮೆಯಾಗುತ್ತ ಬಂತು. ಖಾರದ ಸುದ್ದಿ ಹೊತ್ತು ಹೊತ್ತು ಹೊಟ್ಟೆಯ ನರಗಳು ದಣಿದು ಸುಮ್ಮನಾಗುತ್ತವೆ ಅನ್ನುವುದು ಅವರ ತರ್ಕ. ಇದನ್ನು ಓದಿ ಯಾರೂ ನಾಳೆಯಿಂದ ಠೇಚಾ ಹೆಚ್ಚು ತಿನ್ನಬೇಡಿ. ನನ್ನ ಮಾತು ಇಷ್ಟೇ: ಹೊಟ್ಟೆಯ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವುದು ಅಂದುಕೊಂಡದ್ದೂ ಎಷ್ಟೋ ಸಲ ಅರ್ಧ ಮಾತ್ರ ಗೊತ್ತಿರುತ್ತದೆ. ನಮ್ಮ ಕಾಲದಲ್ಲೇ ನೋಡಿ, ಹುಣ್ಣಿಗೆ ಕಾರಣ ಚಿಂತೆ ಮತ್ತು ಖಾರ ಅಂತ ಡಾಕ್ಟರೇ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಬ್ಯಾಕ್ಟೀರಿಯಾ ತುಂಬಿದ ನೀರನ್ನು ತಾನೇ ಕುಡಿದು ಹೊಟ್ಟೆಯುರಿ ಬರಿಸಿಕೊಂಡು ತೋರಿಸಿದ. 2005ರಲ್ಲಿ ಅವನಿಗೂ ರಾಬಿನ್ ವಾರನ್‌ಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಕೂತಿದೆ. ಹುಣ್ಣಾಗುವುದು ಕೆಲವರಿಗೆ ಮಾತ್ರ.

ಇನ್ನು ಎಂಡೋಸ್ಕೋಪಿ. ನಂದಗಡದ ಒಬ್ಬರು ಹಣ ಹೊಂದಿಸಿ ಬೆಳಗಾವಿಗೆ ಹೋಗಿ ಗಂಟಲಲ್ಲಿ ನಳಿಗೆ ಇಳಿಸಿಕೊಂಡು ಬಂದರು. ರಿಪೋರ್ಟನ್ನು ನನ್ನ ಕೌಂಟರಿನ ಮೇಲೆ ಬಡಿದರು. "ನೋಡ್ರಿ, ನಾರ್ಮಲ್ ಅಂತ ಬರದಾರ. ಹಂಗಾರ ನಾ ಸುಳ್ಳ ಹೇಳ್ತೀನೇನು?" ಅವರ ಸಿಟ್ಟು ನನಗೆ ಅರ್ಥವಾಯಿತು. ಅಜೀರ್ಣದ ಬಹುಪಾಲು ಜನರ ಹೊಟ್ಟೆಯೊಳಗೆ ಕ್ಯಾಮರಾ ಇಳಿಸಿದರೆ ಕಾಣುವುದು ಚೊಕ್ಕ ಹೊಟ್ಟೆಯೇ. ಹುಣ್ಣಿಲ್ಲ, ಗಡ್ಡೆಯಿಲ್ಲ. ತೊಂದರೆ ಇರುವುದು ಹೊಟ್ಟೆ ನಡೆದುಕೊಳ್ಳುವ ರೀತಿಯಲ್ಲಿ. ಊಟ ಬಿದ್ದಾಗ ಹೊಟ್ಟೆಯ ಮೇಲ್ಭಾಗ ಸಡಿಲಾಗಿ ಜಾಗ ಕೊಡಬೇಕು. ಕೆಲವರಲ್ಲಿ ಅದು ಬಿಗಿಯಾಗೇ ಇರುತ್ತದೆ, ಅದಕ್ಕೇ ಅರ್ಧ ರೊಟ್ಟಿಗೆ ಸಾಕಾಗುತ್ತದೆ. ಇನ್ನು ಕೆಲವರಲ್ಲಿ ನರಗಳ ಕಿವಿ ಬಹಳ ಚುರುಕು, ಬೇರೆಯವರಿಗೆ ತಿಳಿಯದ ಸಣ್ಣ ಹಿಗ್ಗುವಿಕೆಯೂ ಅವರಿಗೆ ನೋವಾಗಿ ಕೇಳುತ್ತದೆ. ನಿದ್ದೆಗೆಟ್ಟರೆ, ಮನೆಯಲ್ಲಿ ಕಟಿಪಿಟಿ ಇದ್ದರೆ ಆ ಕಿವಿ ಇನ್ನೂ ಚುರುಕಾಗುತ್ತದೆ. ಕ್ಯಾಮರಾಕ್ಕೆ ಇದು ಕಾಣುವುದಿಲ್ಲ. ನಾನು ಅವರಿಗೆ ಇಷ್ಟು ಹೇಳಿದೆ. "ಇದನ್ನ ಅವರ ಹೇಳಬೇಕಿತ್ತಲ್ಲ" ಅಂದರು. ಹೌದು. ಆದರೆ ಹೊರಗೆ ನಂಬರ್ ಹಿಡಿದು ನಿಂತ ಅರವತ್ತು ಜನರನ್ನು ನೋಡಿದ ಡಾಕ್ಟರಿಗೆ ಹತ್ತು ನಿಮಿಷದ ಮಾತಿಗಿಂತ ಒಂದು ಗುಳಿಗೆ ಬರೆಯುವುದು ಬೇಗ ಮುಗಿಯುತ್ತದೆ.

ಆ ಗುಳಿಗೆಯ ಬಗ್ಗೆಯೇ ನಾನು ಈ ಲೇಖನ ಬರೆಯಲು ಕೂತದ್ದು.

ನಾನು ಅಂಗಡಿ ಹಾಕಿದಾಗ ರಾಜ ರ‍್ಯಾನಿಟಿಡಿನ್. ಅದಕ್ಕೂ ಮೊದಲು ಜಗಿಯುವ ಬಣ್ಣದ ಗುಳಿಗೆ, ಬಾಟಲಿಯ ಬಿಳಿ ಔಷಧಿ. ಆಮೇಲೆ ಒಮೆಪ್ರಜೋಲ್ ಕ್ಯಾಪ್ಸೂಲ್ ಬಂತು, ಅದರ ಹಿಂದೆ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್. ಹೊಟ್ಟೆಯ ಗೋಡೆಯಲ್ಲಿ ಆಮ್ಲ ಸುರಿಸುವ ಸಣ್ಣ ಪಂಪುಗಳಿವೆ. ಈ ಜೋಲ್ ಕುಟುಂಬದ ಔಷಧಿ ಆ ಪಂಪಿಗೇ ಕೀಲಿ ಹಾಕುತ್ತದೆ. ಅದ್ಭುತವಾದ ಔಷಧಿ, ಅನುಮಾನವಿಲ್ಲ. ಹಿಂದೆ ಹುಣ್ಣಿಗೆ ಹೊಟ್ಟೆ ಕೊಯ್ಯುತ್ತಿದ್ದರು, ಆ ಕಾಲ ಹೋದದ್ದು ಇಂಥ ಔಷಧಿಗಳಿಂದಲೇ. ರ‍್ಯಾನಿಟಿಡಿನ್ ಮಾತ್ರ ಕಲ್ಮಶದ ಅನುಮಾನಕ್ಕೆ ಸಿಕ್ಕಿ 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು, 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಹೋಯಿತು. ಈಗಲೂ ಕೆಲವು ಹಿರಿಯರು ಅದನ್ನೇ ಹೆಸರು ಹಿಡಿದು ಕೇಳುತ್ತಾರೆ, ಹಳೆಯ ಗೆಳೆಯನ ಯೋಗಕ್ಷೇಮ ಕೇಳುವ ಹಾಗೆ.

ಜೋಲ್ ಗುಳಿಗೆ ಕಾನೂನಿನ ಪ್ರಕಾರ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಮಾರಿದ್ದೇನೆ. ಸಂಜೆ ಕೊನೆಯ ಬಸ್ಸಿಗೆ ಓಡುವ ಮುದುಕಿಯನ್ನು "ಚೀಟಿ ತಾ ಅವ್ವಾ" ಅಂತ ಹಿಂದಕ್ಕೆ ಕಳಿಸುವ ಎದೆಗಾರಿಕೆ ನನ್ನಲ್ಲಿ ಇರಲಿಲ್ಲ, ಲಾಭದ ಆಸೆಯೂ ಇತ್ತು ಅಂತ ಬರೆದರೇ ಸರಿ. ಆದರೆ ಚೀಟಿ ಇದ್ದವರ ಕಥೆ ಏನೂ ಭಿನ್ನವಲ್ಲ. ಚೀಟಿಯಲ್ಲಿ ಗುಳಿಗೆಯ ಹೆಸರು ಇರುತ್ತದೆ, ಬೆಳಿಗ್ಗೆ ಒಂದು ಅಂತ ಇರುತ್ತದೆ. ಎಷ್ಟು ದಿನ ಅಂತ ಇರುವುದಿಲ್ಲ, ಇದ್ದರೂ ಆ ಚೀಟಿ ಲ್ಯಾಮಿನೇಶನ್ ಆಗಿ ಐದು ವರ್ಷ ನನ್ನ ಅಂಗಡಿಗೆ ಬರುತ್ತಲೇ ಇರುತ್ತದೆ. ಲ್ಯಾಮಿನೇಶನ್ ಮಾಡಿಸಿದ ಚೀಟಿಯನ್ನು ನಾನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ, ಅಂಥ ಮೂರು ನಾಲ್ಕು ಚೀಟಿಗಳು ನನಗೆ ಬಾಯಿಪಾಠ ಆಗಿವೆ. ಇದರ ಜೊತೆಗೆ ಡಾಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲು. ಈ ಡಾಂಪೆರಿಡೋನ್ ಹೃದಯದ ಬಡಿತ ತಪ್ಪಿಸಬಹುದು, ಒಂದು ವಾರದ ಮೇಲೆ ಕೊಡಬೇಡಿ ಅಂತ ಯುರೋಪಿನ ಔಷಧಿ ಸಂಸ್ಥೆ 2014ರಲ್ಲೇ ಹೇಳಿತು. ಇಲ್ಲಿ ಅದನ್ನು ವರ್ಷಗಟ್ಟಲೆ, ಬೆಳಗಿನ ಚಹಾದ ಜೊತೆ ಬಿಸ್ಕತ್ತಿನಂತೆ ತೆಗೆದುಕೊಳ್ಳುತ್ತಾರೆ. ಚಹಾದ ಜೊತೆ ಅನ್ನುವುದು ಇನ್ನೊಂದು ತಪ್ಪು. ಜೋಲ್ ಗುಳಿಗೆ ಕೆಲಸ ಮಾಡಬೇಕಾದರೆ ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನಲ್ಲಿ ನುಂಗಬೇಕು.

ಯಾಕೆ ಬಿಡಲಾಗುವುದಿಲ್ಲ ಅಂತ ನಾನೂ ಬಹಳ ದಿನ ಯೋಚಿಸಿದ್ದೆ. "ಬಿಟ್ಟರ ಎರಡೇ ದಿನದಾಗ ಎದಿ ಉರ್ಯಾಕ ಹತ್ತತೇತ್ರಿ, ರೋಗ ಹೋಗಿಲ್ಲ" ಅನ್ನುತ್ತಾರೆ. ಡೆನ್ಮಾರ್ಕಿನ ವೈದ್ಯರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. 120 ಜನ ಆರೋಗ್ಯವಂತರು, ಎದೆಯುರಿ ಏನೆಂದೇ ಅರಿಯದವರು. ಅರ್ಧ ಜನಕ್ಕೆ ಎಂಟು ವಾರ ಜೋಲ್ ಗುಳಿಗೆ ಕೊಟ್ಟರು, ಉಳಿದವರಿಗೆ ಹುಸಿ ಗುಳಿಗೆ. ಆಮೇಲೆ ಎಲ್ಲರಿಗೂ ಹುಸಿ ಗುಳಿಗೆಯನ್ನೇ ಕೊಟ್ಟರು. ನಿಜವಾದ ಗುಳಿಗೆ ತಿಂದವರಲ್ಲಿ ನೂರಕ್ಕೆ 44 ಮಂದಿಗೆ ಮುಂದಿನ ವಾರಗಳಲ್ಲಿ ಎದೆಯುರಿ, ಹುಳಿತೇಗು ಶುರುವಾಯಿತು. ಮೊದಲಿನಿಂದಲೂ ಹುಸಿ ಗುಳಿಗೆ ತಿಂದವರಲ್ಲಿ ಅದು 15. ಪಂಪಿಗೆ ಕೀಲಿ ಹಾಕಿದಾಗ ಹೊಟ್ಟೆ ಸುಮ್ಮನೆ ಕೂರುವುದಿಲ್ಲ, ಇನ್ನಷ್ಟು ಆಮ್ಲ ಬೇಕು ಅಂತ ಹಾರ್ಮೋನಿನ ಮೂಲಕ ಕೂಗುತ್ತಲೇ ಇರುತ್ತದೆ. ಕೀಲಿ ತೆಗೆದ ದಿನ ಆ ಕೂಗಿಗೆಲ್ಲ ಒಮ್ಮೆಲೇ ಉತ್ತರ ಬರುತ್ತದೆ. ಆ ಉರಿ ಕೆಲವು ವಾರಗಳಲ್ಲಿ ತಾನೇ ಇಳಿಯುವಂಥದ್ದು. ಆದರೆ ಅದನ್ನು ಯಾರೂ ಹೇಳದ ಕಾರಣ ಮೂರನೇ ದಿನಕ್ಕೇ ಮನುಷ್ಯ ನನ್ನ ಅಂಗಡಿಯಲ್ಲಿರುತ್ತಾನೆ. ವ್ಯಾಪಾರಿಯಾಗಿ ನಾನು ಇಂಥ ಸರಕನ್ನು ಬೇರೆ ಕಂಡಿಲ್ಲ. ನೂರಕ್ಕೆ ಮೂವತ್ತು ಜನರಿಗೆ ಆಗಾಗ ಬಂದು ಹೋಗುವ ತೊಂದರೆಗೆ, ಬಿಟ್ಟರೆ ಉರಿಯುವ ಗುಳಿಗೆಯನ್ನು ಕೊನೆಯ ದಿನಾಂಕವಿಲ್ಲದೆ ಕೊಟ್ಟರೆ ಏನಾದೀತು, ನೀವೇ ಗುಣಿಸಿ ನೋಡಿ.

ಈಗ ನಮ್ಮ ಅವ್ವನ ಮಾತು.

ಕಂಡಿಕಿ ಸುತ್ತಲು ಕಾಲು ಮಡಿಸಿ ಕೂತು ಕೂತು ಅವಳ ಮೊಣಕಾಲು ಸವೆದಿದ್ದವು. ನೋವಿನ ಗುಳಿಗೆಯನ್ನು ಅಂಗಡಿಯಿಂದ ನಾನೇ ತಂದುಕೊಡುತ್ತಿದ್ದೆ, ಡೈಕ್ಲೊಫೆನ್ಯಾಕ್, ದಿನಕ್ಕೆ ಒಂದು, ಚಳಿಗಾಲದಲ್ಲಿ ಎರಡು. ಕೆಲವು ತಿಂಗಳ ಮೇಲೆ "ಹೊಟ್ಟ್ಯಾಗ ಸಂಕಟ ಆಕ್ಕೇತಿ" ಅಂದಳು. ರ‍್ಯಾನಿಟಿಡಿನ್ ತಂದುಕೊಟ್ಟೆ. ಉರಿ ಕಡಿಮೆಯಾಯಿತು, ಇಬ್ಬರಿಗೂ ಸಮಾಧಾನವಾಯಿತು. ಆಮೇಲೆ ಮುಖ ಬಿಳಿಚಿಕೊಂಡಿತು, ಮಾಳಿಗೆ ಹತ್ತಿದರೆ ದಮ್ಮು. ರಕ್ತ ಕಡಿಮೆಯಿದೆ ಅಂತ ಕಬ್ಬಿಣದ ಗುಳಿಗೆ ತಂದುಕೊಟ್ಟೆ. ಒಂದು ದಿನ ನನ್ನ ಹೆಂಡತಿಯ ಹತ್ತಿರ ಅವ್ವ ಮೆಲ್ಲಗೆ ಹೇಳಿದ್ದಳಂತೆ, ಹೊರಕಡೆ ಕರ‍್ರಗೆ, ಡಾಂಬರಿನಂತೆ ಆಗುತ್ತದೆ ಅಂತ. ಹೆಂಡತಿ ನನಗೆ ಹೇಳಿದಳು. ನಾನು ನಕ್ಕು, ಕಬ್ಬಿಣದ ಗುಳಿಗೆ ತಿಂದರೆ ಹಾಗೇ ಆಗುತ್ತದೆ, ಹೆದರಬೇಡ ಅನ್ನು ಅಂದೆ. ಅದು ಪುಸ್ತಕದಲ್ಲಿ ಓದಿದ್ದ ಮಾತು, ಸುಳ್ಳೂ ಅಲ್ಲ. ಹತ್ತು ದಿನದ ಮೇಲೆ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಆಸ್ಪತ್ರೆಯಲ್ಲಿ ನೋಡಿದರೆ ಹೊಟ್ಟೆಯಲ್ಲಿ ಹುಣ್ಣು, ಅದರಿಂದ ರಕ್ತ ಜಿನುಗುತ್ತಿತ್ತು. ನೋವಿನ ಗುಳಿಗೆಯಿಂದ ಆದ ಹುಣ್ಣು. ರ‍್ಯಾನಿಟಿಡಿನ್ ಉರಿಯನ್ನು ಮುಚ್ಚಿತ್ತು, ಹುಣ್ಣನ್ನು ತಡೆದಿರಲಿಲ್ಲ. ಎರಡು ಬಾಟಲಿ ರಕ್ತ ಏರಿಸಿದರು. ಅವ್ವ ಬದುಕಿದಳು, ಆಮೇಲೆ ಏಳೆಂಟು ವರ್ಷ ಇದ್ದಳು.

ಆ ವಾರ್ಡಿನಲ್ಲಿ ಕೂತು ನಾನು ಎಣಿಸಿದ್ದು ಒಂದನ್ನೇ. ರೋಗ ತಂದ ಗುಳಿಗೆ, ರೋಗ ಮುಚ್ಚಿದ ಗುಳಿಗೆ, ರೋಗದ ಗುರುತನ್ನು ಮರೆಮಾಡಿದ ಗುಳಿಗೆ, ಮೂರನ್ನೂ ಒಂದೇ ಕೌಂಟರಿನಿಂದ, ಒಂದೇ ಕೈ ಕೊಟ್ಟಿತ್ತು. ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಒಂದು ಇತ್ತು: ಬೇರೆ ಯಾವ ಗುಳಿಗೆ ತಗೊಳ್ತಿ? ಉತ್ತರ ನನಗೇ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಹೊಟ್ಟೆಯ ಸಂಕಟ ಎಲ್ಲರಿಗೂ ಇರುತ್ತದೆ, ಅವ್ವನಿಗೂ ಇದೆ ಅಂತ ಬಿಟ್ಟಿದ್ದೆ.

ಅಂದಿನಿಂದ ಕೌಂಟರಿನಲ್ಲಿ ನನ್ನ ಬಾಯಿ ಸ್ವಲ್ಪ ಉದ್ದವಾಗಿದೆ. ಗಿರಾಕಿಗಳು ಬೇಸರ ಪಡುತ್ತಾರೆ, ಪಡಲಿ. ಎಷ್ಟು ದಿನದಿಂದ? ನೋವಿನ ಗುಳಿಗೆ, ರಕ್ತ ತೆಳುವಾಗುವ ಗುಳಿಗೆ ಇದೆಯೇ? ತೂಕ ಇಳಿದಿದೆಯೇ, ಕುಬಸ ಸಡಿಲಾಗಿದೆಯೇ? ರೊಟ್ಟಿ ನುಂಗುವಾಗ ಗಂಟಲ ಕೆಳಗೆ ಸಿಕ್ಕಿಕೊಳ್ಳುತ್ತದೆಯೇ? ಹೊರಕಡೆ ಕಪ್ಪಗೆ ಆಗುತ್ತದೆಯೇ, ವಾಂತಿಯಲ್ಲಿ ರಕ್ತ ಇತ್ತೇ? ಇದರಲ್ಲಿ ಯಾವುದಕ್ಕೆ ಹೌದು ಅಂದರೂ ನಾನು ಗುಳಿಗೆ ಕೊಡುವುದಿಲ್ಲ, ಡಾಕ್ಟರ ಹೆಸರು ಬರೆದುಕೊಡುತ್ತೇನೆ. ಐವತ್ತು ದಾಟಿದವರಿಗೆ ಹೊಸದಾಗಿ ಶುರುವಾದ ಅಜೀರ್ಣಕ್ಕೂ ಅಷ್ಟೇ.

ಇನ್ನೊಂದು, ಕೈ. ಉರಿಯವರು ಅಂಗೈಯನ್ನು ಕೆಳಗಿನಿಂದ ಮೇಲೆ ಎಳೆಯುತ್ತಾರೆ ಅಂದೆನಲ್ಲ, ಉಬ್ಬರದವರು ಎರಡೂ ಪಕ್ಕೆ ಒತ್ತಿ ಹಿಡಿಯುತ್ತಾರೆ. ಮುಷ್ಟಿ ಕಟ್ಟಿ ಎದೆಯ ನಡುವೆ ಇಟ್ಟು "ಗ್ಯಾಸ್ ಹಿಡದೇತಿ, ಒಂದು ಈನೋ ಕೊಡ್ರಿ" ಅಂದವರನ್ನು ನಾನು ಕೂರಿಸುತ್ತೇನೆ. ಹಣೆ ಮುಟ್ಟಿ ನೋಡುತ್ತೇನೆ. ಬೆವರು ತಣ್ಣಗಿದ್ದರೆ, ದವಡೆಗೋ ಎಡಗೈಗೋ ನೋವು ಇಳಿಯುತ್ತಿದ್ದರೆ ಈನೋ ಇಲ್ಲ, ರಿಕ್ಷಾ ಕರೆದು ತಾಲ್ಲೂಕು ಆಸ್ಪತ್ರೆಗೆ, ಇಸಿಜಿಗೆ. ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ ರಾಜ್ಯ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ದೊಡ್ಡ ಆಸ್ಪತ್ರೆಯಲ್ಲಿ ಕೂತ ತಜ್ಞರು ತಾಲ್ಲೂಕಿನ ಇಸಿಜಿ ನೋಡಿ ಹೇಳುವುದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಆದರೆ ಆ ಇಸಿಜಿಯ ಮೇಜಿನವರೆಗೆ ಹೋಗಲು ಮೊದಲು ಮನುಷ್ಯ ಗ್ಯಾಸ್ ಅನ್ನುವ ಮಾತನ್ನು ದಾಟಬೇಕು. ಭೀಮಗಡದ ಕಾಡಿನೊಳಗಿನ ಆಮಗಾಂವ, ಗವಾಳಿಯಂಥ ಊರುಗಳನ್ನು ನೆನೆಯಿರಿ. ಮಳೆಗಾಲದಲ್ಲಿ ಅಲ್ಲಿಂದ ರೋಗಿಯನ್ನು ಕಟ್ಟಿಗೆಗೆ ಕಟ್ಟಿ ಹಳ್ಳ ದಾಟಿಸಿ ಹೊತ್ತು ತರಬೇಕು. ಅಷ್ಟು ಜನರನ್ನು ಕರೆದು ಹೊರಿಸಿಕೊಂಡು ಹೋಗಿ ಬರೀ ಗ್ಯಾಸ್ ಅಂತ ಆದರೆ ನಾಚಿಕೆ ಅಂತ ಹಿಂದೆ ಸರಿಯುವವರು ಇದ್ದಾರೆ. ಹಾಗೆ ಹೊತ್ತು ತಂದದ್ದು ಬರೀ ಗ್ಯಾಸ್ ಆಗಿದ್ದರೆ ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ದಿನ.

ಡಾಕ್ಟರುಗಳಿಗೆ ನನ್ನದೊಂದೇ ಬೇಡಿಕೆ, ಅದಕ್ಕೆ ಸರ್ಕಾರದ ಆದೇಶವೂ ಬೇಡ, ಬಜೆಟ್ಟೂ ಬೇಡ. ಹೊಟ್ಟೆಯ ಗುಳಿಗೆ ಬರೆಯುವಾಗ ನಿಲ್ಲಿಸುವ ದಿನಾಂಕವನ್ನು ಕನ್ನಡದಲ್ಲೋ ಮರಾಠಿಯಲ್ಲೋ ಚೀಟಿಯ ಮೇಲೆ ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ, ನಿಲ್ಲಿಸಿದ ಮೇಲೆ ಕೆಲವು ದಿನ ಉರಿಯಬಹುದು ಅಂತ ಒಂದು ಸಾಲು. ದಿನಾಂಕ ದಾಟಿದ ಚೀಟಿಗೆ ನಾವು ಅಂಗಡಿಯವರು ಗುಳಿಗೆ ಕೊಡಬಾರದು, ನಮ್ಮ ಮೇಲೆ ಆ ಹೊಣೆ ಹಾಕಿ. ವ್ಯಾಪಾರ ಬೀಳುತ್ತದೆ ಅಂತ ನಮ್ಮವರೇ ನನ್ನ ಮೇಲೆ ಸಿಟ್ಟಾಗುತ್ತಾರೆ, ಗೊತ್ತು. ಎಲ್ಲರಿಗೂ ನಿಲ್ಲಿಸುವ ದಿನ ಇರುವುದಿಲ್ಲ ಅನ್ನುವುದೂ ಗೊತ್ತು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತೆಗೆದುಕೊಳ್ಳುವವರಿದ್ದಾರೆ, ಅನ್ನನಾಳವೇ ಸುಟ್ಟ ಹಾಗಾದವರಿದ್ದಾರೆ, ಹಿಂದೆ ಹುಣ್ಣಿನಿಂದ ರಕ್ತ ಹೋದವರಿದ್ದಾರೆ. ಅವರಿಗೆ ಈ ಗುಳಿಗೆಯೇ ಕಾವಲು, ಈ ಲೇಖನ ಓದಿ ಅವರು ಒಂದು ದಿನವೂ ಬಿಡಬಾರದು. ಅಂಥವರ ಚೀಟಿಯ ಮೇಲೆ ಯಾವ ಕಾರಣಕ್ಕೆ ನಿಲ್ಲಿಸಬಾರದು ಅಂತ ಬರೆದಿರಲಿ. ಹಾಗೆ ಬರೆದರೆ ಉಳಿದವರ ಚೀಟಿಯಲ್ಲಿ ಕಾರಣ ಇಲ್ಲ ಅನ್ನುವುದೂ ತಾನಾಗಿ ಕಾಣುತ್ತದೆ.

ಹೋದ ತಿಂಗಳು ಪಾರಿಶ್ವಾಡದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಬಂದಿದ್ದರು. ಚೀಟಿಯ ಮೂಲೆಯಲ್ಲಿ ಯಾರೋ ಎಳೆಯ ಡಾಕ್ಟರ ಅಕ್ಷರ, ಕನ್ನಡದಲ್ಲಿ: "14 ದಿನ. ಆಮೇಲೆ ಬಂದ್." ಕೆಳಗೆ ಎರಡು ಗೆರೆ. ನಾನು ಹದಿನಾಲ್ಕು ಗುಳಿಗೆಯನ್ನಷ್ಟೇ ಕತ್ತರಿಸಿ ಕೊಟ್ಟೆ. ಆಕೆ ಎಣಿಸಿ ನೋಡಿದರು.

"ಹದಿನಾಲ್ಕ ಆದಮ್ಯಾಲೆ ಮತ್ತ ಉರದ್ರ ಏನ್ ಮಾಡ್ಲಿ ಕಾಕಾ?"

"ಒಂದೆರಡು ವಾರ ಉರದ್ರೂ ಉರೀಬಹುದವ್ವಾ. ರಾತ್ರಿ ಲಗೂನ ಉಣ್ಣು. ಉಂಡ ಕೂಡ್ಲೇ ಮಲಗಬ್ಯಾಡ. ಅದರ ಮ್ಯಾಲೂ ಹೋಗಲಿಲ್ಲ ಅಂದ್ರ ಆ ಡಾಕ್ಟರ ಕಡೆನ ಹೋಗು, ನನ್ನ ಕಡೆ ಬರಬ್ಯಾಡ."

ಆಕೆ ನಕ್ಕು ಚೀಟಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡರು. ರಸ್ತೆ ದಾಟಿ ಎದುರಿನ ಕಿರಾಣಿ ಅಂಗಡಿಗೆ ಹೋಗಿ ಕಾಲು ಕಿಲೋ ಆಮಸೂಲು ಕಟ್ಟಿಸುತ್ತಿದ್ದುದು ನನ್ನ ಕೌಂಟರಿನಿಂದ ಕಾಣುತ್ತಿತ್ತು. ಅಷ್ಟರಲ್ಲಿ ಬೆಳಗಾವಿಯ ಬಸ್ಸು ಬಂತು.